ಚೆಂಡಿಲ್ಲದ ಕಡೆ

ಅವಳು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳು ಎಂದು ಶುರುಮಾಡಬಹುದಿತ್ತು. ನನ್ನ ನೆನಪಿನಲ್ಲಿ ಹಾಗೆಯೇ ಬರುತ್ತಾಳೆ. ಆದರೆ ಕ್ಯಾಂಪ್‌ಬೆಲ್ಲಿನ ನಮ್ಮ ಮನೆಯ ಬಾಗಿಲು ಸಾಕಷ್ಟು ಎತ್ತರವಿದೆ. ಇವತ್ತು ಬೆಳಿಗ್ಗೆ ಅದರ ಕೆಳಗೆ ನಿಂತು ನೋಡಿದೆ. ತಗ್ಗುವ ಅಗತ್ಯ ಅವಳಿಗೂ ಇದ್ದಿರಲಾರದು. ಬ್ಯಾಸ್ಕೆಟ್‌ಬಾಲ್ ಆಡುವವಳು ಎಂದು ತಿಳಿದ ಮೇಲೆ ನನ್ನ ನೆನಪು ಅವಳನ್ನು ಒಂದಿಷ್ಟು ಉದ್ದ ಮಾಡಿಕೊಂಡಿದೆ.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಅವಳು ಫ್ರಾನ್ಸಿನ ಲಿಯಾನ್ ಊರಿನವಳು. ಇಲ್ಲಿನ, ಎರಡೇ ವರ್ಷ ಓದಿಸುವ ಒಂದು ಕಾಲೇಜಿನ ತಂಡದಲ್ಲಿ ಆಡುತ್ತಿದ್ದಳು. ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗೆ ಇದ್ದಳು. ಎರಡು ವರ್ಷ ಮುಗಿಯುವುದರೊಳಗೆ ಯಾವುದಾದರೂ ದೊಡ್ಡ ಯೂನಿವರ್ಸಿಟಿಯ ತಂಡ ಸ್ಕಾಲರ್‌ಶಿಪ್ ಕೊಟ್ಟು ಅವಳನ್ನು ಕರೆದುಕೊಳ್ಳಬೇಕು. ಇಲ್ಲದಿದ್ದರೆ ಆಟವೂ ಓದೂ ಅಲ್ಲಿಗೇ ನಿಂತು ಅವಳು ಊರಿಗೆ ವಾಪಸ್ಸು.

ಎರಡನೇ ವರ್ಷದ ಸೀಸನ್ ಮುಗಿದಿತ್ತು. ಯಾರೂ ಫೋನ್ ಮಾಡಿರಲಿಲ್ಲ.

ಪಕ್ಕದವಳಿಗೆ ಜಾಗ ಸಿಕ್ಕಿದ್ದರೆ ಚೆಂಡು ಅವಳದು ಎಂದು ಚಿಕ್ಕಂದಿನಿಂದ ಅವಳ ಊರಿನ ಕ್ಲಬ್ಬಿನಲ್ಲಿ ಕಲಿಸಿದ್ದರು. ಇಲ್ಲಿ ಮೊದಲು ಕೇಳುವುದು, ನೀನೆಷ್ಟು ಪಾಯಿಂಟು ಹೊಡೆದೆ ಎಂದು. ಅವಳದು ಕಡಿಮೆ. ‘ಮೂರು ನಿಮಿಷದ ವೀಡಿಯೋ ಮಾಡಿ ಎಲ್ಲ ಕಡೆಗೂ ಕಳಿಸು, ಬೇಗ’ ಎಂದು ಅವಳ ಕೋಚ್ ಹೇಳಿದ್ದರಂತೆ. ಪಂದ್ಯಗಳಿಗೆ ಹೋಗಿ ಫೋನಿನಲ್ಲಿ ಶೂಟ್ ಮಾಡುತ್ತಿದ್ದವನು ನಾನು. ರೆಡ್‌ವುಡ್ ಸಿಟಿಯ ಆಫೀಸಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದೆ.

ಭಾನುವಾರ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದೆವು. ಆರು ತಿಂಗಳಿಗೆಂದು ಮಂಡ್ಯದಿಂದ ಬಂದಿದ್ದ ಅಮ್ಮ ಪಕ್ಕದಲ್ಲಿ ಕೂತು, ಇಲ್ಲೇ ಹತ್ತಿರದ ಡಬ್ಲಿನ್ ಊರಿನ ಇಂಡಿಯನ್ ಅಂಗಡಿಯಿಂದ ತಂದ ಅವರೆಕಾಳು ಹಿಸುಕುತ್ತಿದ್ದಳು. ಅಮ್ಮ ಆಡುತ್ತಿದ್ದುದು ಕನ್ನಡ, ಹುಡುಗಿ ಇಂಗ್ಲಿಷು, ನಡುವೆ ನಾನು. ಈಗ ಇಬ್ಬರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದೂ ಒಂದು ಕತ್ತರಿ ಕೆಲಸವೇ.

ಸ್ವಲ್ಪ ಹೊತ್ತು ನೋಡಿದ ಮೇಲೆ ಹುಡುಗಿ ಕೇಳಿದಳು, “ಚೆಂಡೆಲ್ಲಿ?”

ಅವಳ ಕೈಗೆ ಬಂದಾಗ ಬಿಟ್ಟರೆ ಚೆಂಡು ಇರಲಿಲ್ಲ. ಇಡೀ ಸೀಸನ್ ನಾನು ಅವಳೊಬ್ಬಳನ್ನೇ ಹಿಂಬಾಲಿಸಿದ್ದೆ. ಅವಳು ಓಡುತ್ತಾಳೆ, ನಿಲ್ಲುತ್ತಾಳೆ, ಯಾರಿಗೋ ಅಡ್ಡ ಹೋಗುತ್ತಾಳೆ, ಕೈ ತೋರಿಸಿ ಕೂಗುತ್ತಾಳೆ. ಜನ ಚಪ್ಪಾಳೆ ತಟ್ಟುವುದು ಚೌಕಟ್ಟಿನ ಆಚೆ.

“ನೀವು ನೋಡಿದ್ದು ಬ್ಯಾಸ್ಕೆಟ್‌ಬಾಲ್ ಮ್ಯಾಚೇ ತಾನೇ?”

“ಇವನು ಹಿಂಗೇ ಕಣಮ್ಮಾ,” ಅಂದಳು ಅಮ್ಮ. “ಅಕ್ಕನ ಮದ್ವೇಲಿ ಧಾರೆ ಎರೀವಾಗ ಕ್ಯಾಮ್ರಾ ಹಿಡ್ಕೊಂಡು ಬಾಗ್ಲಲ್ಲಿ ಚಪ್ಲಿ ರಾಶಿ ತೆಗೀತಿದ್ದ. ಆ ಕ್ಯಾಸೆಟ್ನಲ್ಲಿ ಇವತ್ಗೂ ತಾಳಿ ಇಲ್ಲ.”

ನಾನು ಅದನ್ನು ಅನುವಾದಿಸಿದೆ. ಹುಡುಗಿ ನಕ್ಕಳು. ಆಮೇಲೆ ನಗು ನಿಂತಿತು.

ಕಾಲೇಜಿನವರೇ ಮೇಲಿನಿಂದ ತೆಗೆದ ರೆಕಾರ್ಡಿಂಗ್ ಇತ್ತು. ಅದರಿಂದ ಅವಳ ಬ್ಯಾಸ್ಕೆಟ್ಟುಗಳನ್ನು ಆರಿಸಿ ಒಂದರ ಹಿಂದೊಂದು ಅಂಟಿಸಿದೆ. ಎಸೆದಳು, ಬಿತ್ತು; ಎಸೆದಳು, ಬಿತ್ತು. ತಪ್ಪುವುದೇ ಗೊತ್ತಿಲ್ಲದ ಒಬ್ಬ ಹುಡುಗಿ. ಅವಳು ಕೈಕಟ್ಟಿ ಪೂರ್ತಿ ನೋಡಿದಳು.

“ಚೆನ್ನಾಗಿ ಆಡ್ತಾಳೆ. ಯಾರಿವಳು?”

“ನೀನೇ.”

“ಇಂಥವಳು ಪ್ರತಿ ಊರಲ್ಲೂ ಇದ್ದಾಳೆ. ನಾನೇ ಕೋಚ್ ಆಗಿದ್ರೆ ಕರೀತಿರಲಿಲ್ಲ.” ಅವಳು ನಾನು ಫೋನಿನಲ್ಲಿ ತೆಗೆದ ಫೈಲುಗಳ ಕಡೆ ಬೆರಳು ಮಾಡಿದಳು. “ಅದನ್ನ ಕಳಿಸೋಣ. ಒಂದು ಪೂರಾ ಕ್ವಾರ್ಟರು, ಮ್ಯಾಚಿನ ಕಾಲು ಭಾಗ, ಕಟ್ ಮಾಡದೆ.”

“ಅದರಲ್ಲಿ ನೀನು ಎರಡು ಸಲ ಚೆಂಡು ಕಳ್ಕೊಳ್ತೀಯ.”

“ಹೌದು. ಆಮೇಲೆ ಓಡಿ ವಾಪಸ್ ಬರ್ತೀನಿ. ಅದೂ ಇದೆ ಅದರಲ್ಲಿ.”

ಬರೆಯುವಾಗ ಅಚ್ಚುಕಟ್ಟಾದ ಕಥೆಯನ್ನು ಕಂಡರೆ ಅನುಮಾನಪಡುವ ನಾನು ಅಂದು ಅಚ್ಚುಕಟ್ಟಿನ ಪರ ವಾದಿಸಿದೆ. ಆ ಕೋಚ್‌ಗಳಿಗೆ ಟೈಮಿಲ್ಲ, ಮೊದಲ ಅರ್ಧ ನಿಮಿಷ ನೋಡಿ ಮುಚ್ಚುತ್ತಾರೆ, ಎಂದೆಲ್ಲ. ಅವಳು ಕೇಳಿಸಿಕೊಂಡು, ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಎಲ್ಲ ಕಡೆಗೂ ಅದನ್ನೇ ಕಳಿಸಿದಳು. ಅವಳ ಕೈ ನಡುಗಿತೆ? ನಡುಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ನೋಡಲಿಲ್ಲ.

ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು ಫೋನ್ ಮಾಡಿದರು, ಹಿಮ ಬೀಳುವ ಕಡೆಯ ಒಂದು ಯೂನಿವರ್ಸಿಟಿಯ ಕೋಚ್, ಗಡಸು ದನಿಯ ಹೆಂಗಸು. ಹುಡುಗಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಸ್ಪೀಕರ್ ಒತ್ತಿದಳು.

“ವೀಡಿಯೋದಲ್ಲಿ ಎಡಗಡೆ ಮೂಲೆ ತೋರಿಸಿ ಕೂಗ್ತೀಯಲ್ಲ, ಏನಂತ?”

“ಅಲ್ಲಿಗೆ ಹೋಗು ಅಂತ. ಈಗ ಅಲ್ಲಿ ಜಾಗ ಆಗತ್ತೆ ಅಂತ.”

“ಯಾರೂ ಹೋಗಲಿಲ್ಲ.”

“ಇಲ್ಲ.”

“ಆಯ್ತಾ, ಜಾಗ?”

“ನಿಮಗೆ ಗೊತ್ತಲ್ಲ. ನೋಡಿದ್ದೀರಲ್ಲ.”

ಆ ಕಡೆ ಒಂದು ಸಣ್ಣ ನಗು. ಅವಳ ಕಾಲೇಜಿನ ಕೋಚ್ ಜೊತೆ ಆಗಲೇ ಮಾತಾಡಿದ್ದಾರಂತೆ. ಸ್ಕಾಲರ್‌ಶಿಪ್ಪಿನ ಒಂದು ಜಾಗ ಖಾಲಿ ಇದೆ, ಬರ್ತೀಯಾ? ನಮ್ಮ ಹುಡುಗಿಯರೂ ಮಾತು ಕೇಳಲ್ಲ, ಇನ್ನೂ ಜೋರಾಗಿ ಕೂಗಬೇಕಾಗತ್ತೆ.

“ಕೂಗ್ತೀನಿ,” ಎಂದಳು.

ಫೋನ್ ಇಟ್ಟ ಮೇಲೆ ಅವಳು ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು ಎಂದು ನನ್ನ ನೆನಪು. ಈಗ ಮಂಡ್ಯದಲ್ಲಿರುವ ಅಮ್ಮನನ್ನು ಕೇಳಿದರೆ ಬೈಯುತ್ತಾಳೆ: “ಎತ್ತಿದ್ರೆ ನಂಗೆ ಗೊತ್ತಾಗ್ತಿರಲಿಲ್ವೇನೋ? ಉಳಿದ ತಟ್ಟೆ ತೊಳೆದ್ಲು. ಆಮೇಲೆ ಇನ್ನೊಂದ್ಸಲ ಅನ್ನ ಹಾಕಿಸ್ಕೊಂಡ್ಲು.”

ಇರಬಹುದು. ನನ್ನ ಬಳಿ ಇರುವುದು ಆ ಕ್ವಾರ್ಟರು ಮಾತ್ರ. ಅದರಲ್ಲಿ ಅವಳು ಮೂಲೆ ತೋರಿಸಿ ಕೂಗುತ್ತಾಳೆ. ಯಾರೂ ಹೋಗುವುದಿಲ್ಲ. ಕೊನೆಗೆ ಅವಳೇ ಓಡಿ ಹೋಗಿ ಅಲ್ಲಿ ನಿಲ್ಲುತ್ತಾಳೆ, ಎರಡೂ ಕೈ ಎತ್ತಿ, ಸುತ್ತ ಯಾರೂ ಇಲ್ಲದೆ.