ಪಂಪಿಗೆ ಕೊಟ್ಟ ಕನ್ನಡಿ

ಯುದ್ಧದ ಕಾಲದಲ್ಲಿ, ರಾಯಚೂರಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮೋಟಾರು ಮಿಸ್ತ್ರಿ ಇದ್ದರು. ಕೆಲಸ ಮುಗಿದರೂ “ಇನ್ನೊಮ್ಮಿ ನೋಡಮ್, ತಡೀರಿ” ಅನ್ನುವುದು ಅವರ ರೂಢಿ.

ಒಮ್ಮೆ ದೇವದುರ್ಗದ ಬಸ್ಸು ಕೆಟ್ಟು ನಿಂತಿತು. ಅವರು ಅದರ ಎಣ್ಣೆ ಪಂಪನ್ನು ಮನೆಗೇ ತಂದರು. ದೇವದುರ್ಗದಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಿದ್ದಳು. ನಾನು ಅವರ ಕಟ್ಟೆಯ ಮೇಲೆ ಕಾಯುತ್ತ ಕೂತೆ. ಅವರು ಪಂಪು ಬಿಚ್ಚಿ, ಒಳಗಿನ ಎರಡು ಹಲ್ಲುಗಾಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮುಚ್ಚಳದ ಮೇಲೆ ಉಗುರಾಡಿಸಿದರು.

“ಗಾಲಿ ಚೊಲೋ ಅದಾವ. ಮುಚ್ಚಳ ಸವದು ತಗ್ಗು ಬಿದ್ದದ. ಹೊಸಾದು ಸಿಗಂಗಿಲ್ಲ. ತಿಕ್ಕಿ ಮಟ್ಟ ಮಾಡಾಕ ಸಪಾಟು ಗಾಜು ಬೇಕು.”

ಅವರ ಹೆಂಡತಿ ತವರಿನಿಂದ ತಂದಿದ್ದ ಕನ್ನಡಿಯನ್ನು ಒಳಗಿನಿಂದ ತಂದು ಚಾಚಿದರು. “ತಗೋರಿ. ಕಟ್ಟಿ ಮ್ಯಾಲ ಕುಂತಾಕಿ ತಾಯಿ ಹಾದಿ ನೋಡಾಕತ್ತಾಳ.”

“ಗೀರು ಬಿದ್ರ ನಿನಗ ಮಾರಿ ಕಾಣಂಗಿಲ್ಲ ನೋಡು,” ಎಂದರು ಮಿಸ್ತ್ರಿ.

“ಕಾಣದಿದ್ರ ಇಲ್ಲ. ಮೊದ್ಲ ಬಸ್ಸು ನಡೀಲಿ.”

ಕನ್ನಡಿಯ ಮೇಲೆ ಸಾಣೆಪುಡಿ, ಎಣ್ಣೆ ಹಾಕಿ ಅವರು ದಿನವಿಡೀ ಮುಚ್ಚಳ ತಿಕ್ಕಿದರು. ಮರುದಿನ ಬಸ್ಸು ಹೊರಟಿತು. ಮಧ್ಯಾಹ್ನದೊಳಗೆ ನಾನು ತಾಯಿಯ ಕೈ ಹಿಡಿದು ಕೂತಿದ್ದೆ.

ರಾಯಚೂರಿಗೆ ಮರಳಿ ಬಂದ ಮೇಲೆ ಎಷ್ಟೋ ಬೆಳಿಗ್ಗೆ ನೋಡಿದ್ದೇನೆ. ಮಿಸ್ತ್ರಿಯ ಹೆಂಡತಿ ಅಂದಾಜಿನಲ್ಲಿ ಕುಂಕುಮವಿಟ್ಟು ಗಂಡನ ಮುಂದೆ ಬಂದು ನಿಲ್ಲುವರು. ಅವರು ಎಣ್ಣೆಗೈಗಳನ್ನು ಬೆನ್ನ ಹಿಂದಿಟ್ಟುಕೊಂಡು, ಬಾಗಿ ನೋಡಿ, “ಒಂಚೂರು ಎಡಕ್ಕ” ಅನ್ನುವರು.