ತೊಡೆ ತಟ್ಟಿದ್ದು

ನಾನು ಮತ್ತು ನನ್ನ ಮಾವಶಿಯ, ಅಂದರೆ ಚಿಕ್ಕಮ್ಮನ ಮಗ, ಇಬ್ಬರೂ ಬುಧಗಾಂವದ ತಾಲೀಮಿನ, ಕುಸ್ತಿ ಗರಡಿಯ ಕೆಂಪು ಮಣ್ಣಿನಲ್ಲಿ ಬೆಳೆದವರು. ಬೆನ್ನು ನೆಲಕ್ಕೆ ತಾಗಿದರೆ ನಮ್ಮ ಲೆಕ್ಕದಲ್ಲಿ ಕುಸ್ತಿ ಮುಗಿಯಿತು. ಆದರೆ ಜಿಯು-ಜಿತ್ಸು ಎಂಬ ಹೊರದೇಶದ ಕುಸ್ತಿ ಕಲಿಯಲು ವಿಶ್ರಾಮಬಾಗದ ಜಿಮ್‌ಗೆ ಹೋದರೆ, ಅಲ್ಲಿಯವರು ತಾವಾಗಿಯೇ ಅಂಗಾತ ಮಲಗಿ ‘ಬಾ’ ಎನ್ನುತ್ತಿದ್ದರು! ಮಲಗಿದವನು ಎರಡೂ ಪಾದಗಳನ್ನು ನಮ್ಮ ಸೊಂಟಕ್ಕೋ ಮೊಣಕಾಲಿಗೋ ಒತ್ತಿ ನಮ್ಮನ್ನು ದೂರ ಇಡುತ್ತಾನೆ. ಅದು ಓಪನ್ ಗಾರ್ಡ್. ಆ ಕಾಲುಗಳನ್ನು ದಾಟಿ ಅವನ ಎದೆಯ ಮೇಲೆ ಭಾರ ಹಾಕಬೇಕು. ಇಷ್ಟೇ ಕೆಲಸ, ತಿಂಗಳುಗಟ್ಟಲೆ ತಿಣುಕಿದರೂ ನನಗೆ ಬರಲಿಲ್ಲ.

ನನ್ನನ್ನು ದಾದಾ ಎಂದು ಕರೆಯುವ ಈ ತಮ್ಮನಿಗೆ ಗಾರ್ಡ್ ಬೇಗ ಬಂತು. ನಾನು ಎತ್ತ ಸರಿದರೂ ಅವನ ಪಾದ ಅಲ್ಲಿ ಮೊದಲೇ ಇರುತ್ತಿತ್ತು. “ದಾದಾ, ಎಮ್ಮಿ ಎಳದಂಗ ಎಳೀಬ್ಯಾಡ, ಸುತ್ತ ಹಾಕಿ ಬಾ” ಎಂದು ನಗುತ್ತಿದ್ದ. ನನಗೋ ಮೈಯೆಲ್ಲ ಉರಿ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನು.

ಅವನು ಪೊಲೀಸ್ ಭರತಿಗೆ, ಅಂದರೆ ನೇಮಕಾತಿಗೆ ತಯಾರಿ ನಡೆಸಿದ್ದ. ಓಟದ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ವಯಸ್ಸು ಮೀರುತ್ತಿದ್ದುದರಿಂದ ಅದೇ ಅವನ ಕಡೆಯ ಅವಕಾಶ. ಓಟ ಮುಗಿಯುವವರೆಗೆ ಜಿಮ್‌ಗೆ ಬರಬೇಡ ಎಂದು ಕೋಚ್ ಹೇಳಿದ್ದರು, ಅವನೂ ಒಪ್ಪಿದ್ದ. ನಾನೇ ಬಿಡಲಿಲ್ಲ. “ಒಂದ ಸಲ ಬಾರೋ, ಇವತ್ತ ನಿನ್ನ ಗಾರ್ಡ್ ದಾಟೇ ತೋರಸ್ತೇನಿ” ಎಂದು ಗಾಡಿಯ ಮೇಲೆ ಕೂರಿಸಿಕೊಂಡು ಹೋದೆ.

ಅವನು ಮಲಗಿ ಒಂದು ಕಾಲನ್ನು ನನ್ನ ಕಾಲಿಗೆ ಸುತ್ತಿದ. ನಾನು ಅವನ ಪಾದ ಹಿಡಿದು ತಿರುವಿ, ಮೈಭಾರವನ್ನೆಲ್ಲ ಹಾಕಿ ನುಗ್ಗಿದೆ. ಅವನು ಕೂಗಲಿಲ್ಲ, ತಾಲೀಮಿನವರು ನೋವಿಗೆ ಕೂಗುವುದಿಲ್ಲ. ಖಾಲಿಯಿದ್ದ ಕೈಯಿಂದ ತನ್ನದೇ ತೊಡೆಯನ್ನು ಪಟಪಟ ತಟ್ಟಿದ. ಜಿಯು-ಜಿತ್ಸುವಿನಲ್ಲಿ ತಟ್ಟಿದರೆ ಸೋತೆ, ಬಿಡು ಎಂದರ್ಥ. ನಮ್ಮ ತಾಲೀಮಿನಲ್ಲಿ ತೊಡೆ ತಟ್ಟುವುದು, ಶಡ್ಡು ಹೊಡೆಯುವುದು, ಸವಾಲು. ನನ್ನ ಹಾಳು ತಲೆಗೆ ಹೊಳೆದದ್ದು ತಾಲೀಮಿನದು. “ಹಾಂ, ಶಡ್ಡು ಹೊಡಿತಿಯೇನ ಮಗನ!” ಎಂದು ಇನ್ನೂ ಜೋರಾಗಿ ಒತ್ತಿದೆ. ಮೊಣಕಾಲಿನೊಳಗೆ ಏನೋ ಲಟಕ್ಕೆಂದಿತು. ನಾನು ದಾಟಿದ್ದೆ. ಅವನ ಎದೆಯ ಮೇಲೆ ಬಿದ್ದು, ಗೆದ್ದೆನೆಂದು ನಗುತ್ತಿದ್ದೆ.

ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ಈ ವರ್ಷ ಓಟದ ಮಾತೇ ಬೇಡ ಎಂದರು ಡಾಕ್ಟರು. ಮಾವಶಿ ಓಡಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿಬಿಟ್ಟ: “ಜಿನ್ಯಾದ ಮೆಟ್ಟಲದಾಗ ಕಾಲ ಜಾರಿತವ್ವಾ. ದಾದಾನ ಎತಗೊಂಡ ಬಂದಾ.” ಮಾವಶಿ ನನ್ನ ಎರಡೂ ಕೈ ಹಿಡಿದುಕೊಂಡು, “ನೀ ಇದ್ದಿ ಅಂತ ಆತಪಾ” ಎಂದಳು. ಹೇಡಿ ನಾನು, ಆ ಸುಳ್ಳನ್ನು ಹಾಗೇ ಇರಗೊಟ್ಟೆ. ಆಮೇಲೂ ಅವಳಿಗೆ ನಿಜ ಹೇಳಲಾಗಲಿಲ್ಲ.

ಓಟದ ದಿನ ಬಂದು ಹೋಯಿತು. ಮರುದಿನ ಮಾವಶಿ ನಮ್ಮ ಮನೆಗೆ ಬಂದಳು. ಚೀಲದಲ್ಲಿ ಅವನ ಓಟದ ಬೂಟುಗಳಿದ್ದವು. “ದಾದಾಗ ಕೊಡು ಅಂದಾ. ಸುಮ್ನ ಮೂಲ್ಯಾಗ ಬೀಳೋದ ಬ್ಯಾಡಂತ. ಬರ್ತಾವೇನ ನೋಡು” ಎಂದಳು. ಕಾಲು ಹಾಕಿದೆ, ಸರಿಯಾಗಿ ಬಂದವು. ಮಾವಶಿ ನೆಲಕ್ಕೆ ಕುಳಿತು ತಾನೇ ಲೇಸು ಕಟ್ಟತೊಡಗಿದಳು. ನಾನು ಸಣ್ಣ ಹುಡುಗನ ಹಾಗೆ ಜೋರಾಗಿ ಅತ್ತುಬಿಟ್ಟೆ.

ಅವಳು ತಲೆಯೆತ್ತಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, “ಅಳಬ್ಯಾಡಪಾ. ನಿನ್ನ ತಪ್ಪ ಏನೈತಿ ಇದರಾಗ?” ಎಂದಳು.