ಸುಭದ್ರಾಬಾಯಿಯ ಸ್ವಂತ ರೊಕ್ಕ

ಜೇವರ್ಗಿ ದವಾಖಾನೆಯ ನರ್ಸ್ ಸುಭದ್ರಾಬಾಯಿ ನನ್ನ ಚಿಕ್ಕಪ್ಪನ ಮಗಳು. ತೊಂಬತ್ತೆರಡನೇ ಇಸವಿಯಲ್ಲಿ ಕೆನಡಾದಲ್ಲಿ ನೆಲೆಸಲು ಅರ್ಜಿ ಹಾಕಿದಳು. ಅಲ್ಲಿ ಕೆಲಸ ಸಿಗುವವರೆಗೆ ಬದುಕುವಷ್ಟು ಸ್ವಂತ ಹಣವಿದೆಯೆಂದು ಬ್ಯಾಂಕಿನ ಪತ್ರ ತೋರಿಸಬೇಕಿತ್ತು.

ಬುದ್ಧಿವಂತನಾದ ನಾನು ಉಪಾಯ ಹೇಳಿದೆ: “ಎಂಟು ದಿನ ಎಲ್ಲಾರ ರೊಕ್ಕಾನೂ ನಿನ್ನ ಖಾತೇದಾಗ ಹಾಕ್ತೇವಿ ಬೇ. ಪತ್ರ ಸಿಕ್ಕಮ್ಯಾಲೆ ತಕ್ಕೊಂಡ್ರಾತು.”

“ಹೌದಣ್ಣಾ, ನಿನ್ನ ಲಗ್ನದ ಮುಂದ ಬೀಗರಿಗೆ ತೋರ್ಸಾಕ ಅತನೂರ ಮಾವನ ಎತ್ತು ತಂದು ನಮ್ಮ ಕೊಟ್ಟಿಗ್ಯಾಗ ಕಟ್ಟಿದ್ರಲ್ಲ, ಹಂಗ! ನನಗ ಯಾರ ರೊಕ್ಕಾನೂ ಬ್ಯಾಡ,” ಎಂದಳು. ಒಳಗಿನಿಂದ ನನ್ನ ಹೆಂಡತಿ ನಕ್ಕಳು.

ಮರುದಿನ ಜಾಮೀನಿಗೆ ಬೇಕಾದೀತೆಂದು ನಾನೂ ಅವಳ ಜೊತೆ ಬ್ಯಾಂಕಿಗೆ ಹೋದೆ.

“ಇದು ಅಪ್ಪಾರ ರೊಕ್ಕೇನ್ರಿ?” ಎಂದರು ಮ್ಯಾನೇಜರು, ಅವಳ ಪಾಸ್‌ಬುಕ್ ನೋಡಿ.

“ಅಲ್ರಿ, ಇಷ್ಟೂ ನನ್ನ ಪಗಾರದ್ದೇ,” ಎಂದಳು.

ಹಣ ಸಾಕಾಗಿತ್ತು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪತ್ರವನ್ನು ಅಂಚೆಗೆ ಹಾಕುವ ಮೊದಲು ಓಣಿಯವರಿಗೆಲ್ಲ ಎದೆಯುಬ್ಬಿಸಿ ಓದಿ ಹೇಳಿದವನು ಮಾತ್ರ ನಾನೇ.